ಚಿಕ್ಕಮ್ಮನ ಚಟ್ನಿಪುಡಿಗೆ ಸರಿಯಾದ ರೇಟು: ಮನೆ ಹೆಣ್ಮಕ್ಕಳ ಬಿಸಿನೆಸ್‌ಗೆ ಕೈ ಜೋಡಿಸೋದು ಹೇಗೆ

ಮನೇಲಿ ರೊಟ್ಟಿ, ಹಪ್ಪಳ, ಚಟ್ನಿಪುಡಿ ಮಾಡಿ ಮಾರೋ ಹೆಣ್ಮಕ್ಕಳು ಪ್ರತಿ ಓಣಿಲೂ ಇದಾರೆ. ಅವರಿಗೆ ಹೆಲ್ಪ್ ಮಾಡ್ತೀವಿ ಅಂತ ಮಕ್ಕಳು, ತಮ್ಮಂದಿರು, ಫ್ರೆಂಡ್ಸು ಮುಂದೆ ಬಂದಾಗ ಮೊದಲು ಆಗೋ ಕೆಲಸ ಅಂದ್ರೆ ಲೋಗೊ, ಇನ್‌ಸ್ಟಾಗ್ರಾಂ ಪೇಜು, ವಿಸಿಟಿಂಗ್ ಕಾರ್ಡು. ಆರು ತಿಂಗಳಾದ್ಮೇಲೆ ಹೋಗಿ ನೋಡಿದ್ರೆ ಪೇಜ್ ಇದೆ, ಪುಡಿ ಇಲ್ಲ. ನಾನು ಇದನ್ನ ನಾಲ್ಕೈದು ಮನೇಲಿ ಕಣ್ಣಾರೆ ನೋಡಿದೀನಿ, ನಮ್ಮ ಚಿಕ್ಕಮ್ಮಂದೂ ಹಾಗೇ ನಿಂತಿತ್ತು. ರುಚಿಲಿ ಕೊರತೆ ಇರ್ಲಿಲ್ಲ, ಗಿರಾಕಿಗಳೂ ಇದ್ರು. ತಪ್ಪಿದ್ದು ರೇಟು.

ಅದಕ್ಕೇ ಲೋಗೊ ಆಮೇಲೆ. ಮೊದಲ ಹೆಜ್ಜೆ, ಒಂದು ನೋಟ್‌ಬುಕ್ಕು, ಒಂದು ಪೆನ್ನು ಹಿಡ್ಕೊಂಡು ಅವರ ಅಡುಗೆಮನೇಲಿ ಒಂದಿನ ಪೂರ್ತಿ ಕೂತ್ಕೊಂಡು, ಯಾವ ಸಾಮಾನು ಎಷ್ಟು, ಯಾವ ಕೆಲಸಕ್ಕೆ ಎಷ್ಟು ಹೊತ್ತು ಅಂತ ಬರ್ಕೊಳ್ಳೋದು. ಫೋನಲ್ಲಿ ಕೇಳಿ ಬರ್ಕೊಂಡ್ರೆ ಆಗಲ್ಲ, ಯಾಕಂದ್ರೆ ಹುರಿಯೋದು, ಸಿಪ್ಪೆ ಬಿಡಿಸೋದು ಅವರ ಲೆಕ್ಕದಲ್ಲಿ ಕೆಲಸಾನೇ ಅಲ್ಲ, "ಅದೇನು ಟೀವಿ ನೋಡ್ತಾ ಮಾಡ್ತೀನಿ" ಅಂತಾರೆ.

ಎರಡನೇ ಹೆಜ್ಜೆ ಕಾಸ್ಟಿಂಗ್, ಅಂದ್ರೆ ಒಂದು ಪ್ಯಾಕೆಟ್‌ಗೆ ನಿಜವಾಗಿ ಎಷ್ಟು ಖರ್ಚಾಗುತ್ತೆ ಅನ್ನೋ ಲೆಕ್ಕ. ಇಲ್ಲಿ ಆತುರ ಬೇಡ, ಬೇಕಾದ್ರೆ ಎರಡು ದಿನ ಹಿಡೀಲಿ. ಶೇಂಗಾ ಚಟ್ನಿಪುಡಿ ತಗೊಳ್ಳೋಣ. ನಾನಿಲ್ಲಿ ಹಾಕಿರೋ ರೇಟು ಲೆಕ್ಕ ಅರ್ಥ ಆಗ್ಲಿ ಅಂತ ಅಷ್ಟೇ, ನಿಮ್ಮೂರಿನ ರೇಟು ನೀವು ಹಾಕ್ಕೊಳಿ. ಶೇಂಗಾ, ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಹುಣಸೆ, ಬೆಲ್ಲ, ಉಪ್ಪು ಎಲ್ಲಾ ಸೇರಿ ಐದು ಕೆಜಿ ಸಾಮಾನು, 900 ರೂಪಾಯಿ ಅಂತ ಇಟ್ಕೊಳಿ. ಚಿಕ್ಕಮ್ಮ ಇದನ್ನ 200 ಗ್ರಾಂ ಪ್ಯಾಕೆಟ್ ಮಾಡಿ 50 ರೂಪಾಯಿಗೆ ಕೊಡೋರು. ಐದು ಕೆಜಿಗೆ 25 ಪ್ಯಾಕೆಟ್, 1250 ಬರುತ್ತೆ, 350 ಲಾಭ ಅಂತ ಮನಸಲ್ಲೇ ಲೆಕ್ಕ.

ಆದ್ರೆ ಹುರಿದು ಸಿಪ್ಪೆ ತೆಗೆದ ಮೇಲೆ ಐದು ಕೆಜಿ ಐದು ಕೆಜಿಯಾಗೇ ಉಳಿಯಲ್ಲ, ನಾಲ್ಕೂವರೆಗೆ ಇಳಿಯುತ್ತೆ, ಪ್ಯಾಕೆಟ್ 22 ಆಗುತ್ತೆ. ಅಲ್ಲಿಗೆ ಬರೋದು 1100. ಗ್ಯಾಸು, ಮಿಕ್ಸಿ ಕರೆಂಟು 60. ಪೌಚು, ಲೇಬಲ್ಲು ಒಂದಕ್ಕೆ 6ರಂತೆ 132. ಆಟೋ 100. 900ಕ್ಕೆ ಇಷ್ಟೂ ಸೇರಿದ್ರೆ 1192. ಅಂದ್ರೆ ಈ ಲೆಕ್ಕದಲ್ಲಿ ಪ್ರತಿ ಸಲ ಏಳು ಗಂಟೆ ದುಡಿದು 92 ರೂಪಾಯಿ ಕೈಯಿಂದ ಹಾಕಿದ್ರು, ಅದೂ ಎರಡು ವರ್ಷ. ಈ ಲೆಕ್ಕ ಪೇಪರ್ ಮೇಲೆ ನೋಡಿದ ದಿನ ಅವರು ಏನೂ ಮಾತಾಡ್ಲಿಲ್ಲ, ಎದ್ದು ಒಳಗೆ ಹೋದ್ರು, ನನಗೆ ಇವತ್ತಿಗೂ ಅದು ಮರೆಯೋಕೆ ಆಗಲ್ಲ.

ಇನ್ನೂ ಅವರ ಕೂಲಿ ಹಾಕೇ ಇಲ್ಲ. ಏಳು ಗಂಟೆಗೆ, ಗಂಟೆಗೆ 75ರಂತೆ 525. "ನನ್ನ ಮನೆ ಕೆಲಸಕ್ಕೆ ನಾನೇ ಕೂಲಿ ತಗೊಳೋದಾ" ಅಂತ ಕೇಳೇ ಕೇಳ್ತಾರೆ. ತಗೋಬೇಕು, ಇದರಲ್ಲಿ ರಾಜಿ ಇಲ್ಲ. 1959ರಲ್ಲಿ ಮುಂಬೈಯ ಗಿರ್‌ಗಾಂವ್‌ನಲ್ಲಿ ಏಳು ಜನ ಹೆಂಗಸರು 80 ರೂಪಾಯಿ ಸಾಲದಲ್ಲಿ ಶುರು ಮಾಡಿದ ಲಿಜ್ಜತ್ ಹಪ್ಪಳ ಗೊತ್ತಲ್ವಾ, ಅಲ್ಲಿ ಲಟ್ಟಿಸೋ ಹೆಂಗಸರಿಗೆ ಕೆಜಿಗೆ ಇಷ್ಟು ಅಂತ ಕೂಲಿ ಇದೆ, ಅದು ಹಪ್ಪಳದ ಬೆಲೆಯೊಳಗೇ ಸೇರಿರುತ್ತೆ. ಕೂಲಿ ಸೇರಿಸದೇ ಇದ್ರೆ ಇನ್ನೊಂದು ತೊಂದ್ರೆ, ಆರ್ಡರ್ ಜಾಸ್ತಿಯಾಗಿ ನಾಳೆ ಒಬ್ಬರನ್ನ ಕೆಲಸಕ್ಕೆ ಇಟ್ಕೋಬೇಕು ಅಂದ್ರೆ ಅವರಿಗೆ ಕೊಡೋ ದುಡ್ಡು ರೇಟಿನಲ್ಲೇ ಇರಲ್ಲ, ಹಾಗಾಗಿ ಬಿಸಿನೆಸ್ ಒಬ್ಬರ ರಟ್ಟೆಗೆ ಎಷ್ಟು ಆಗುತ್ತೋ ಅಷ್ಟಕ್ಕೇ ನಿಂತುಬಿಡುತ್ತೆ.

ಈಗ ಒಟ್ಟು 1717. ಹರಿದಿದ್ದು, ವಾಪಸ್ ಬಂದಿದ್ದು, ರುಚಿ ನೋಡೋಕೆ ಕೊಟ್ಟಿದ್ದು ಎಲ್ಲಾ ಸೇರಿಸಿ 1800 ಅಂತ ಹಿಡೀರಿ. ಪ್ಯಾಕೆಟ್‌ಗೆ ಸುಮಾರು 82 ಅಸಲು. ಅಂಗಡಿಯವರಿಗೆ 20 ಪರ್ಸೆಂಟ್ ಬಿಡ್ಬೇಕು ಅಂದ್ರೆ ಎಂಆರ್‌ಪಿ 120 ಇಡಿ, ಅವರಿಗೆ 24 ಹೋಗಿ 96 ಕೈಗೆ ಬರುತ್ತೆ, 14 ಲಾಭ. ನೇರ ಮಾರಿದ್ರೂ 120ಕ್ಕೇ ಮಾರಿ. ಮನೆಗೆ ಬಂದವರಿಗೆ 90ಕ್ಕೆ ಕೊಟ್ರೆ ಅಂಗಡಿಯವನು ಮುಂದಿನ ಸಲ ನಿಮ್ಮ ಪುಡಿ ಇಡಲ್ಲ. 50ರಿಂದ 120ಕ್ಕೆ ಏರಿಸಿದ್ರೆ ಗಿರಾಕಿ ಓಡೋಗ್ತಾರೆ ಅನ್ನೋ ಭಯ ಸಹಜ, ಸ್ವಲ್ಪ ಜನ ಹೋಗ್ತಾರೆ ಕೂಡ. ಹೋಗ್ಲಿ. 100 ಗ್ರಾಂ ಪ್ಯಾಕೆಟ್ ಕೂಡ ಮಾಡಿ, ಹೊಸಬರು ಅದನ್ನ ತಗೋತಾರೆ. ನೆಂಟರು, ಸ್ನೇಹಿತರು ಆಗಿದ್ರೆ ನೀವು ಮಾಡಬಹುದಾದ ದೊಡ್ಡ ಉಪಕಾರ ಒಂದೇ, ಚೌಕಾಸಿ ಮಾಡದೆ ಪೂರ್ತಿ ದುಡ್ಡು ಕೊಡಿ.

ಪ್ಯಾಕಿಂಗ್ ಬಗ್ಗೆ ಒಂದು ಮಾತು. ತೆಳು ಪ್ಲಾಸ್ಟಿಕ್ ಕವರ್‌ಗೆ ಮೇಣದಬತ್ತಿಲಿ ಸೀಲ್ ಮಾಡೋದು ದಯವಿಟ್ಟು ನಿಲ್ಲಿಸಿ, ಶೇಂಗಾ ಎಣ್ಣೆ ಬಿಟ್ಟು ಬೇಗ ಕಮಟು ವಾಸನೆ ಬರುತ್ತೆ. ಕೈಲಿ ಒತ್ತೋ ಸೀಲಿಂಗ್ ಮಶಿನ್ನೂ, ಒಳಗೆ ಲ್ಯಾಮಿನೇಶನ್ ಇರೋ ಪೌಚೂ ತಗೊಳಿ. ತೀರಾ ಅಗ್ಗದ ಮಶಿನ್ ಬೇಡ, ಅದರ ತಂತಿ ಬೇಗ ಸುಟ್ಟೋಗುತ್ತೆ.

ಮೂರನೇದು ರಿಜಿಸ್ಟ್ರೇಶನ್. ಮೊದಲು ಸಣ್ಣ ತಯಾರಕರ ಎಫ್‌ಎಸ್‌ಎಸ್‌ಎಐ, ಅಂದ್ರೆ ಆಹಾರ ಸುರಕ್ಷತೆಯ ನೋಂದಣಿ, ಆಮೇಲೆ ಉದ್ಯಮ್, ಅಂದ್ರೆ ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ. ಉದ್ಯಮ್ ಸರ್ಕಾರಿ ಪೋರ್ಟಲ್‌ನಲ್ಲಿ ಆಧಾರ್, ಪ್ಯಾನ್ ಇದ್ರೆ ಪೂರ್ತಿ ಫ್ರೀ, ಅದಕ್ಕೆ ಸಾವಿರಗಟ್ಟಲೆ ಕೇಳೋ ಏಜೆಂಟುಗಳು, ಸರ್ಕಾರದ್ದೇ ಅನ್ನೋ ಥರ ಕಾಣೋ ವೆಬ್‌ಸೈಟುಗಳು ಬೇಕಾದಷ್ಟಿವೆ, ಒಂದು ರೂಪಾಯಿನೂ ಕೊಡ್ಬೇಡಿ.

ನಾಲ್ಕನೇದು ಅಕೌಂಟು, ಇದನ್ನ ಎಲ್ಲರೂ ಹಗುರವಾಗಿ ತಗೋತಾರೆ. ಪುಡಿ ಡಬ್ಬಿ ಪಕ್ಕ ಅಂಟಿಸಿರೋ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ನೋಡಿ, ಬರೋದು ಗಂಡನ ಹೆಸರೋ ಮಗನ ಹೆಸರೋ. ದುಡ್ಡು ಮನೆಗೇ ಬರುತ್ತಲ್ಲ ಅಂತಾರೆ, ಆದ್ರೆ ಬ್ಯಾಂಕಿನವರ ಕಣ್ಣಲ್ಲಿ ಆ ಹೆಂಗಸು ಒಂದು ರೂಪಾಯಿ ವ್ಯಾಪಾರಾನೂ ಮಾಡಿಲ್ಲ. ಈ ಕಷ್ಟ ನಮ್ಮಲ್ಲಿ ಮಾತ್ರ ಅಲ್ಲ. ಅಮೆರಿಕದಲ್ಲೂ 1988ರ ಕಾನೂನು ಬರೋವರೆಗೆ ಕೆಲವು ರಾಜ್ಯಗಳಲ್ಲಿ ಹೆಂಗಸು ಬಿಸಿನೆಸ್ ಸಾಲ ಕೇಳಿದ್ರೆ ಗಂಡಸಿನ ಸಹಿ ಕೇಳ್ತಿದ್ರು. ಅಹಮದಾಬಾದಿನಲ್ಲಿ 'ಸೇವಾ' (SEWA) ಅನ್ನೋ ದುಡಿಯೋ ಹೆಣ್ಮಕ್ಕಳ ಸಂಘಟನೆಯ ಹೆಂಗಸರು ತಲಾ ಹತ್ತು ರೂಪಾಯಿ ಹಾಕಿ 1974ರಲ್ಲಿ ತಮ್ಮದೇ ಬ್ಯಾಂಕ್ ಕಟ್ಟಿದ್ರು. ಮಹಾರಾಷ್ಟ್ರದ ಸಾತಾರಾ ಜಿಲ್ಲೆಯ ಮ್ಹಸವಡದಲ್ಲಿ ಸಮಾಜ ಸೇವಕಿ ಚೇತನಾ ಸಿನ್ಹಾ ಮತ್ತೆ ಅವರ ಜೊತೆಗಿದ್ದ ಹಳ್ಳಿ ಹೆಂಗಸರು ಬ್ಯಾಂಕ್ ಲೈಸೆನ್ಸ್ ಕೇಳಿದಾಗ, ಓದು ಬರಹ ಬರಲ್ಲ ಅಂತ ಅರ್ಜಿ ತಿರಸ್ಕಾರ ಆಗಿತ್ತು. ಅವರು ಅಕ್ಷರ ಕಲಿತು ಮತ್ತೆ ಹೋದ್ರು, 1997ರಲ್ಲಿ ಮಾಣ್‌ದೇಶಿ ಬ್ಯಾಂಕ್ ಶುರುವಾಯ್ತು. ಆದ್ದರಿಂದ ಪುಡಿ ಮಾಡೋ ಹೆಂಗಸಿನ ಹೆಸರಲ್ಲೇ ಅಕೌಂಟು, ಅವರ ಫೋನಲ್ಲೇ ಯುಪಿಐ, ಪಿನ್ ಅವರಿಗೆ ಮಾತ್ರ ಗೊತ್ತಿರ್ಬೇಕು.

ಹೀಗೆ ಆರು ತಿಂಗಳು ಅಕೌಂಟ್ ಓಡಿದ ಮೇಲೆ ಸಾಲದ ಮಾತು. ಸಣ್ಣ ವ್ಯಾಪಾರಕ್ಕೆ ಅಂತ ಇರೋ ಸರ್ಕಾರದ ಮುದ್ರಾ ಯೋಜನೆಯ ಶಿಶು ಸಾಲ 50,000 ರೂಪಾಯಿವರೆಗೆ, ಅಡಮಾನ ಬೇಡ. ದೊಡ್ಡ ಮಶಿನ್ ಹಾಕೋದಾದ್ರೆ, ಸಣ್ಣ ಆಹಾರ ತಯಾರಕರಿಗೆ ಅಂತ ಕೇಂದ್ರ ಸರ್ಕಾರ 2020ರಲ್ಲಿ ತಂದ ಪಿಎಂಎಫ್‌ಎಂಇ ಯೋಜನೇಲಿ ಪ್ರಾಜೆಕ್ಟ್ ವೆಚ್ಚದ 35 ಪರ್ಸೆಂಟ್ ಸಬ್ಸಿಡಿ ಇಟ್ಟಿದ್ರು, ಮೇಲ್ಮಿತಿ 10 ಲಕ್ಷ; ಈಗಲೂ ಇದೆಯಾ ಅಂತ ಮೊದಲು ಕೇಳ್ಕೊಳಿ. ಆದ್ರೆ ಸಬ್ಸಿಡಿ ಸಿಗುತ್ತೆ ಅಂತ ಬೇಡದ ಮಶಿನ್ ತಗೋಬೇಡಿ. ಫೋನ್ ಆ್ಯಪ್‌ನಲ್ಲಿ ಐದು ನಿಮಿಷಕ್ಕೆ ಸಿಗೋ ಸಾಲವಂತೂ ಮುಟ್ಟಲೇಬೇಡಿ.

ಕೊನೇದು ಅಂಗಡಿಯವರಿಂದ ದುಡ್ಡು ವಸೂಲಿ. ಚಿಕ್ಕಮ್ಮ ಮತ್ತೆ ಶುರು ಮಾಡಿದ ವರ್ಷ ಒಂದು ಅಂಗಡಿ ನಾಲ್ಕು ತಿಂಗಳು ದುಡ್ಡು ಕೊಡ್ಲಿಲ್ಲ, ಕೇಳಿದ್ರೆ "ಮುಂದಿನ ವಾರ ಅಮ್ಮ" ಅನ್ನೋರು. ಉದ್ಯಮ್ ನೋಂದಣಿ ಮಾಡಿಸ್ಕೊಂಡಿರೋ ಸಣ್ಣ ತಯಾರಕರಿಗೆ ಕಾನೂನಿನ ಬಲ ಇದೆ: ಬರೆದು ಒಪ್ಕೊಂಡಿದ್ರೂ 45 ದಿನ ದಾಟೋ ಹಾಗಿಲ್ಲ, ಒಪ್ಪಂದ ಇಲ್ಲದಿದ್ರೆ 15 ದಿನ. ತಡ ಆದ್ರೆ ರಿಸರ್ವ್ ಬ್ಯಾಂಕ್ ಹೇಳೋ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ದೂರು ಕೊಡೋಕೆ ಸರ್ಕಾರದ್ದೇ ಆನ್‌ಲೈನ್ ಪೋರ್ಟಲ್ ಇದೆ. ಕೊಟ್ಟ ಮಾಲಿಗೆ ಬಿಲ್ ಎರಡು ಪ್ರತಿ ಬರೀರಿ, ಒಂದರ ಮೇಲೆ ಅಂಗಡಿಯವರ ಸಹಿ ತಾರೀಖು ಹಾಕಿಸ್ಕೊಂಡು ಅದೇ ನೋಟ್‌ಬುಕ್ಕಿಗೆ ಪಿನ್ ಮಾಡಿಡಿ. ಹಳೇ ಬಾಕಿ ತೀರೋವರೆಗೂ ಆ ಅಂಗಡಿಗೆ ಹೊಸ ಮಾಲು ಹಾಕ್ಬೇಡಿ.