ನೀತಿ ಶುರುವಾದದ್ದು ಚಿಲಕದಿಂದ

ನಮ್ಮ ವಸತಿಗೃಹದಲ್ಲಿ 28 ಜನರಿದ್ದಾರೆ. ಎಲ್ಲರೂ ಬೌದ್ಧಿಕ ಅಂಗವೈಕಲ್ಯವಿರುವವರು. ಕಿರಿಯಳಿಗೆ 19 ವರ್ಷ, ಹಿರಿಯರಿಗೆ 54. ನಾನು ಮೇಲ್ವಿಚಾರಕಿಯಾಗಿ ಸೇರಿದಾಗ ಹಾಜರಿ ಪುಸ್ತಕದ ಮೇಲೆ ‘ಮಕ್ಕಳ ಹಾಜರಿ’ ಎಂದು ಬರೆದಿತ್ತು. ಮೀಸೆ ನರೆತವರೂ ಮಕ್ಕಳೇ. ಅನ್ನದಾನಕ್ಕೆ ಬಂದವರು ‘ದೇವರ ಮಕ್ಕಳು’ ಎಂದು ಕೈ ಮುಗಿಯುತ್ತಿದ್ದರು. ದೇವರ ಮಕ್ಕಳಿಗೆ ಲೈಂಗಿಕತೆ ಎಲ್ಲಿಂದ ಬರಬೇಕು!

ಅದು ಬಂದದ್ದು ಟಿವಿ ಕೋಣೆಗೆ. ಮೂವತ್ತು ದಾಟಿದ ಒಬ್ಬರು ಸಂಜೆ ಧಾರಾವಾಹಿಯ ಹೊತ್ತಿನಲ್ಲಿ ಎಲ್ಲರ ನಡುವೆ ಕುಳಿತೇ ಲುಂಗಿಯೊಳಗೆ ಕೈ ಹಾಕುತ್ತಿದ್ದರು. ಆಯಾ ಬೆರಳಿಗೆ ಖಾರದ ಪುಡಿ ಹಚ್ಚುವುದಾಗಿ ಹೆದರಿಸುತ್ತಿದ್ದರು. ನಾನು ತರಬೇತಿಯಲ್ಲಿ ಕಲಿತಂತೆ, “ಇದು ತಪ್ಪಲ್ಲ ಅಣ್ಣ, ಆದರೆ ನಿಮ್ಮ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು” ಎಂದೆ. ಅವರು ನನ್ನ ಕೈ ಹಿಡಿದು ಕರೆದೊಯ್ದು ತಮ್ಮ ಮಂಚ ತೋರಿಸಿದರು. ಒಂದು ಹಾಲ್, ಆರು ಮಂಚ, ಬಾಗಿಲಿನ ಜಾಗದಲ್ಲಿ ಪರದೆ. ಬಚ್ಚಲಮನೆಗೂ ಒಳಚಿಲಕವಿರಲಿಲ್ಲ. ಯಾರಿಗಾದರೂ ಮೂರ್ಛೆ ಬಂದೀತೆಂಬ ಭಯಕ್ಕೆ ಎಂದೋ ಕೀಳಿಸಿದ್ದರು. ಸ್ಕ್ರೂ ಇದ್ದ ತೂತುಗಳು ಮಾತ್ರ ಉಳಿದಿದ್ದವು.

ಹೀಗಾಗಿ ನಿವಾಸಿಗಳ ಲೈಂಗಿಕತೆಯ ಬಗ್ಗೆ ನಾವು ರೂಪಿಸಿದ ನೀತಿಯ ಮೊದಲ ಹಣ ಬಡಗಿಗೆ ಹೋಯಿತು. ಒಳಗಿನಿಂದ ಹಾಕಿಕೊಳ್ಳುವ, ತುರ್ತಿಗೆ ಹೊರಗಿನಿಂದ ನಾಣ್ಯ ತೂರಿಸಿ ತಿರುಗಿಸಬಹುದಾದ ಚಿಲಕ ಹಾಕಿಸಿದೆವು. ಹಾಲಿಗೆ ಪ್ಲೈವುಡ್ ಅಡ್ಡಗೋಡೆಗಳು ಬಂದವು. ‘ಬಾಗಿಲು ತಟ್ಟಿ, ಉತ್ತರ ಬರುವವರೆಗೆ ಕಾಯಿರಿ’ ಎಂಬುದು ಕಾಗದಕ್ಕಿಳಿದ ಮೊದಲ ನಿಯಮ. ಅದನ್ನು ಕಲಿಯಲು ನಿವಾಸಿಗಳಿಗಿಂತ ಸಿಬ್ಬಂದಿಗೇ ಹೆಚ್ಚು ದಿನ ಹಿಡಿಯಿತು.

ಎರಡನೆಯ ತೊಡಕು ಮಾತಿನದು. ಒಮ್ಮೆ ಒಬ್ಬಳು “ಕೆಳಗೆ ನೋವು” ಎಂದಳು. ಆಯಾ ಎರಡು ದಿನ ಪಾದಕ್ಕೆ ಮುಲಾಮು ತಿಕ್ಕಿದರು. ಅವಳಿಗಿದ್ದದ್ದು ಮೂತ್ರದ ಸೋಂಕು. ಕನ್ನಡದಲ್ಲಿ ಈ ಅಂಗಗಳಿಗೆ ಇರುವುದು ಒಂದೋ ಬೈಗುಳ, ಇಲ್ಲವೇ ಪಠ್ಯಪುಸ್ತಕದ ಸಂಸ್ಕೃತ. ನಾವು ಪಠ್ಯಪುಸ್ತಕವನ್ನೇ ಆರಿಸಿಕೊಂಡೆವು. ಚಿತ್ರ ತೋರಿಸಿ ‘ಶಿಶ್ನ’, ‘ಯೋನಿ’, ‘ಸ್ತನ’ ಎಂದು ಹೇಳಿಸಿದೆವು. ಮೊದಲ ವಾರ ನಕ್ಕವರು ಅಡುಗೆಯವರು, ನಿವಾಸಿಗಳಲ್ಲ. ಹೆಸರು ಗೊತ್ತಿಲ್ಲದ ಜಾಗವನ್ನು ಯಾರೋ ಮುಟ್ಟಿದರೆಂದು ದೂರು ಕೊಡುವುದಾದರೂ ಹೇಗೆ?

ಒಪ್ಪಿಗೆಯ ಪಾಠವನ್ನು ಕಾಫಿಯಿಂದ ಆರಂಭಿಸಿದೆ. ವರ್ಷಗಟ್ಟಲೆ ಹೇಳಿದ್ದನ್ನು ಕೇಳಿಯೇ ‘ಒಳ್ಳೆಯವರು’ ಎನಿಸಿಕೊಂಡವರಿಗೆ ‘ಬೇಡ’ ಎನ್ನುವ ಅಭ್ಯಾಸವೇ ತಪ್ಪಿರುತ್ತದೆ. ಕಾಫಿಯೋ ಹಾಲೋ, ಅಥವಾ ಎರಡೂ ಬೇಡವೋ? ‘ಬೇಡ’ ಎಂದವರ ಮುಂದೆ ಲೋಟ ಇಡಕೂಡದು. ಇದನ್ನು ತಿಂಗಳುಗಟ್ಟಲೆ ಮಾಡಿದ ಮೇಲೆಯೇ ಕೈ ಹಿಡಿಯುವುದು, ಅಪ್ಪಿಕೊಳ್ಳುವುದು ಇತ್ಯಾದಿ ಮಾತಿಗೆ ಬಂದೆವು. ಸಿಬ್ಬಂದಿಗೆ ಮಾತ್ರ ನಿಯಮ ಒಂದೇ ಸಾಲು: ನಿವಾಸಿ ಒಪ್ಪಿದರೂ ಇಲ್ಲ, ಎಂದಿಗೂ ಇಲ್ಲ.

ಒಬ್ಬ ತಾಯಿ ಬಂದು, “ಮೇಡಂ, ಇವಳ ಗರ್ಭಕೋಶ ತೆಗೆಸಿಬಿಡೋಣ, ನಾನು ಸತ್ತ ಮೇಲೆ ಯಾರು ನೋಡುತ್ತಾರೆ?” ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡರು. 1994ರಲ್ಲಿ ಮಹಾರಾಷ್ಟ್ರದ ಶಿರೂರಿನ ಸರಕಾರಿ ವಸತಿಗೃಹದ ಯುವತಿಯರಿಗೆ ಪುಣೆಯಲ್ಲಿ ಮುಟ್ಟಿನ ಸ್ವಚ್ಛತೆಯ ನೆಪ ಹೇಳಿ ಇದನ್ನೇ ಮಾಡಿದ್ದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 10ನೇ ಕಲಮಿನ ಪ್ರಕಾರ, ಸಂತಾನಶಕ್ತಿ ಹೋಗುವ ಚಿಕಿತ್ಸೆಯನ್ನು ಆ ವ್ಯಕ್ತಿಯ ತಿಳಿವಳಿಕೆಯ, ಸ್ವತಂತ್ರ ಒಪ್ಪಿಗೆಯಿಲ್ಲದೆ ಮಾಡುವಂತಿಲ್ಲ. ತಾಯಿಗೆ ಕಲಮು ಹೇಳಿದೆ, ಅದು ಅವರ ಮನಸ್ಸಿಗೆ ತಟ್ಟಲಿಲ್ಲ. ಆಮೇಲೆ ಕೇಳಿದೆ: “ಅಮ್ಮ, ನಿಮ್ಮ ಭಯ ಮುಟ್ಟಿನದೋ, ಗಂಡಸಿನದೋ?” ಸುಮ್ಮನಾದರು. ಗರ್ಭಕೋಶ ತೆಗೆದರೆ ಅತ್ಯಾಚಾರ ನಿಲ್ಲುವುದಿಲ್ಲ, ಅದರ ಒಂದು ಸಾಕ್ಷಿ ಇಲ್ಲವಾಗುತ್ತದೆ ಅಷ್ಟೇ. ಮಗಳು ಈಗ ಚಿತ್ರಪಟ ನೋಡಿಕೊಂಡು ತಾನೇ ಪ್ಯಾಡ್ ಬದಲಿಸುತ್ತಾಳೆ, ಕ್ಯಾಲೆಂಡರಿನಲ್ಲಿ ಕೆಂಪು ಚುಕ್ಕೆ ಇಡುತ್ತಾಳೆ. ತಾಯಿಯ ಭಯ ಪೂರ್ತಿ ಹೋಗಿಲ್ಲ. ನನ್ನದೂ.

ನನ್ನ ತಪ್ಪನ್ನೂ ಹೇಳಬೇಕು. ಮೇಣದಬತ್ತಿ ಮಾಡುವ ಕೋಣೆಯಲ್ಲಿ ಇಬ್ಬರು ಪಕ್ಕಪಕ್ಕ ಕೂರುತ್ತಿದ್ದರು. ಅವನು ದಾರ ಕತ್ತರಿಸಿ ಅವಳಿಗೆ ಕೊಡುತ್ತಿದ್ದ. ಟ್ರಸ್ಟಿನವರು ನೋಡಿದರೆ ಏನೆಂದಾರು ಎಂದು ಹೆದರಿ ಅವನನ್ನು ತೋಟದ ಕೆಲಸಕ್ಕೆ ಹಾಕಿದೆ. ಅವನು ಊಟ ಬಿಟ್ಟ. ಅವಳು ಹತ್ತು ದಿನ ದಾರ ಮುಟ್ಟಲಿಲ್ಲ. ಇಬ್ಬರನ್ನೂ ಒಂದು ಮಾತು ಕೇಳದೆ ಮಾಡಿದ ತೀರ್ಮಾನ ಅದು. ಹನ್ನೊಂದನೆಯ ದಿನ ಅವನನ್ನು ವಾಪಸು ಕರೆದು ಕ್ಷಮೆ ಕೇಳಿದೆ. “ಪರವಾಗಿಲ್ಲ ಅಕ್ಕ” ಎಂದವನು ಮೊದಲು ಕತ್ತರಿ ಹುಡುಕಿದ.

ಈಗ ಸಂಜೆ ಐದರಿಂದ ಆರು ಜಗಲಿ ಅವರದು, ಯಾರೂ ಹೋಗುವುದಿಲ್ಲ. ನೀತಿಯ ಆರನೆಯ ಪುಟದಲ್ಲಿ ‘ಇಬ್ಬರು ಒಂದೇ ಕೋಣೆ ಕೇಳಿದರೆ’ ಎಂಬ ತಲೆಬರಹವಿದೆ, ಕೆಳಗೆ ಖಾಲಿ. ಟ್ರಸ್ಟಿನ ಸಭೆ ಎರಡು ಸಲ ಮುಂದಕ್ಕೆ ಹೋಗಿದೆ. “ಯಾವಾಗ?” ಎಂದು ಅವನು ಕೇಳುತ್ತಾನೆ. ದೀಪಾವಳಿ ಮುಗಿಯಲಿ ಎಂದಿದ್ದೇನೆ. ಅವನು ಕ್ಯಾಲೆಂಡರಿನಲ್ಲಿ ಆ ದಿನದ ಸುತ್ತ ಗೆರೆ ಎಳೆದಿಟ್ಟಿದ್ದಾನೆ.