ಪುಕ್ಕದ ಡಬ್ಬಿಗೆ ಹುಳ ಬಿದ್ದ ಮೇಲೆ

ಎರಡು ವರ್ಷದ ಹಿಂದೆ, ಟ್ರೌಟ್ ಮೀನು ಹಿಡಿಯುವ ಸೀಸನ್ ಶುರುವಾಗುವ ಮುಂಚೆ ಪುಕ್ಕದ ಡಬ್ಬಿ ತೆಗೆದೆ. ತಳದಲ್ಲಿ ಮರಳಿನಂಥ ಪುಡಿ. ಫೆಸೆಂಟ್ (ಕೋಳಿ ಜಾತಿಯ ಉದ್ದ ಬಾಲದ ಹಕ್ಕಿ) ಹುಂಜದ ಚರ್ಮ ಎತ್ತಿದರೆ ಅರ್ಧ ಗರಿ ಡಬ್ಬಿಯಲ್ಲೇ ಉಳಿದವು. ಒಳಗೆ ರೋಮ ರೋಮದ ಕಂದು ಹುಳಗಳು. ಜತೆಗೆ ಕಮಟು ವಾಸನೆ. "ಇದೇನ್ರೀ, ಮನೆಯೊಳಗೆ ಏನು ಸತ್ತಿದೆ?" ಅಂತ ಹೆಂಡತಿ ಕೇಳಿದ್ದು ಇನ್ನೂ ನೆನಪಿದೆ.

ನಾವಿರುವುದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ. ಗಾಳದ ಕೊಕ್ಕೆಗೆ ಗರಿ, ದಾರ ಸುತ್ತಿ ಟ್ರೌಟ್ ಮೀನಿಗೆ ನಕಲಿ ಹುಳ ಕಟ್ಟುವುದು ನನ್ನ ಚಳಿಗಾಲದ ಹುಚ್ಚು. ಪಕ್ಕದ ಮನೆಯವರು ಬೇಟೆಯಾಡಿದ ಫೆಸೆಂಟ್‌ನ ಚರ್ಮ ನನಗೆ ಕೊಡುತ್ತಾರೆ. ಇಂಗ್ಲೆಂಡಿನ ಫ್ರಾಂಕ್ ಸಾಯರ್ ಕಟ್ಟಿ ಹೆಸರಾದ 'ಫೆಸೆಂಟ್ ಟೇಲ್ ನಿಂಫ್' ಎಂಬ ನಕಲಿ ಹುಳಕ್ಕೆ ಬೇಕಾದ್ದು ಆ ಬಾಲದ ಎಳೆ ಮತ್ತು ತೆಳ್ಳನೆ ತಾಮ್ರದ ತಂತಿ, ಅಷ್ಟೇ.

ತಪ್ಪು ನನ್ನದೇ. ಚರ್ಮಕ್ಕೆ ಉಪ್ಪು ಸವರಿ ಒಣಗಿಸಿದ್ದೆ, ಕೊಬ್ಬು ಹಾಗೇ ಬಿಟ್ಟಿದ್ದೆ. ಇಲ್ಲಿಯ ಬೇಸಿಗೆಯ ತೇವಕ್ಕೆ ಉಪ್ಪು ನೀರು ಎಳೆದುಕೊಂಡು ಚರ್ಮ ಬೆವರಿತು. ಕೊಬ್ಬು ಹಳದಿಯಾಗಿ ಗರಿಯ ಬುಡಕ್ಕೆಲ್ಲ ಹತ್ತಿತು. ಹುಳಕ್ಕೆ ಇನ್ನೇನು ಬೇಕು?

ಈಗ ಮೊದಲ ಕೆಲಸ ಕೊಬ್ಬು ತೆಗೆಯುವುದು. ಚಮಚದ ಅಂಚಿನಿಂದ ಕೆರೆಯುತ್ತೇನೆ. ಚಾಕು ಬೇಡ, ತೂತಾಗುತ್ತದೆ. ಬಾಲದ ಬುಡದಲ್ಲಿರುವ ಎಣ್ಣೆಯ ಗಂಟನ್ನು ಪೂರ್ತಿ ಕತ್ತರಿಸಿ ಬಿಸಾಡಬೇಕು. ಆಮೇಲೆ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೋಪು ಹಾಕಿ, ಬೆರಳಲ್ಲಿ ಮೆಲ್ಲಗೆ ಒತ್ತಿ ತೊಳೆಯುತ್ತೇನೆ. ಬಿಸಿ ನೀರಿಗೆ ಹಾಕಿದರೆ ಚರ್ಮ ಮುದುಡಿಕೊಳ್ಳುತ್ತದೆ. ನೀರು ತಿಳಿಯಾಗುವವರೆಗೆ ಜಾಲಿಸಬೇಕು. ಹಿಂಡಬಾರದು. ಎರಡು ಟವೆಲ್ ನಡುವೆ ಇಟ್ಟು ಅದುಮಿದರೆ ಸಾಕು. ಮೊದಲೇ ಒಣಗಿದ ಹಳೇ ಚರ್ಮಕ್ಕೂ ಇದೇ ಉಪಚಾರ. ನೆನೆದು ಮೆತ್ತಗಾದರೆ ಗಾಬರಿ ಬೇಡ.

ಒಣಗಿಸುವುದೇ ತಾಳ್ಮೆಯ ಕೆಲಸ. ಹೇರ್ ಡ್ರೈಯರ್‌ನ ತಣ್ಣನೆ ಗಾಳಿ ಬಿಟ್ಟು, ಗರಿ ಬೆಳೆದ ದಿಕ್ಕಿನಲ್ಲೇ ನೇವರಿಸುತ್ತೇನೆ. ಮೇಲೆ ಒಣಗಿದಂತೆ ಕಂಡರೂ ಬುಡದ ತುಪ್ಪಳ ಒದ್ದೆಯಿರುತ್ತದೆ. ಅದು ಹತ್ತಿಯಂತೆ ಬಿಡಿಬಿಡಿಯಾಗುವವರೆಗೆ ನಿಲ್ಲಿಸುವುದಿಲ್ಲ. ಆಮೇಲೆ ಗರಿ ಕೆಳಗೆ, ಚರ್ಮ ಮೇಲೆ ಬರುವಂತೆ ರಟ್ಟಿನ ಮೇಲೆ ಹರಡಿ ಗುಂಡುಸೂಜಿ ಚುಚ್ಚಿ, ಬೋರ್ಯಾಕ್ಸ್ ಉಜ್ಜುತ್ತೇನೆ. ಊರಲ್ಲಿ ಅಕ್ಕಸಾಲಿಗರು ಬಿಳಿಗಾರ ಅಂತಾರಲ್ಲ, ಅದೇ. ಪುಡಿ ಮೂಗಿಗೆ ಹೋಗದಂತೆ ಮಾಸ್ಕ್ ಹಾಕಿಕೊಳ್ಳಿ. ಜಿಡ್ಡು ಕಂಡರೆ ಹಳೇ ಪುಡಿ ಕೆರೆದು ಹೊಸದು ಹಾಕುತ್ತೇನೆ. ನನಗೆ ಹತ್ತು ಹನ್ನೆರಡು ದಿನ ಹಿಡಿಯುತ್ತದೆ.

ಆಮೇಲೆ ಫ್ರೀಜರ್. ಗಾಳಿಯಾಡದ ಚೀಲದಲ್ಲಿ ಒಂದು ವಾರ, ಹೊರಗೆ ಒಂದು ದಿನ, ಮತ್ತೆ ಒಂದು ವಾರ. ಮೊದಲ ಸಲ ಉಳಿದುಕೊಂಡ ಹುಳ ಎರಡನೇ ಸಲಕ್ಕೆ ಸಾಯಲಿ ಅಂತ. ಹೊರತೆಗೆದ ತಕ್ಷಣ ಚೀಲ ಬಿಚ್ಚಬೇಡಿ, ತಣ್ಣನೆ ಗರಿಯ ಮೇಲೆ ನೀರು ಕೂರುತ್ತದೆ. ಒಂದು ಚರ್ಮಕ್ಕೆ ಒಂದು ಚೀಲ, ಒಳಗೆ ಜಿಡ್ಡು ಹೀರಲು ಒಂದು ರಟ್ಟು. ನುಸಿಗುಳಿಗೆ ಬಿಟ್ಟುಬಿಟ್ಟೆ. ಅದರ ಘಾಟು ಕೈಗೆ ಹತ್ತಿದರೆ ಹೋಗುವುದಿಲ್ಲ, ಮೈಗೂ ಒಳ್ಳೆಯದಲ್ಲ.

ಹಳೇ ಸಾಮಾನಿನ ಅಂಗಡಿಯಲ್ಲಿ ಸಿಗುವ ಹಕ್ಕಿ ಚರ್ಮವನ್ನಂತೂ ನಾನು ಮುಟ್ಟುವುದಿಲ್ಲ. ಹಿಂದೆ ಅವಕ್ಕೆ ಆರ್ಸೆನಿಕ್ ವಿಷ ಹಚ್ಚುತ್ತಿದ್ದರು. ಅಂಗಳದಲ್ಲಿ ಬಿದ್ದ ಗೂಬೆ ಗರಿಯನ್ನೂ ಎತ್ತಿಕೊಳ್ಳುವಂತಿಲ್ಲ, 1918ರ ವಲಸೆ ಹಕ್ಕಿ ಕಾಯ್ದೆ ಇದೆ. ಫೆಸೆಂಟ್ ಹೊರಗಿನಿಂದ ತಂದ ಹಕ್ಕಿ, ಅದಕ್ಕೆ ಈ ಕಾಯ್ದೆ ತಾಗುವುದಿಲ್ಲ.

ಸಾಲ್ಮನ್ ಮೀನಿಗೆ ಕಟ್ಟುವ ನಕಲಿ ಹುಳಗಳಿಗೆ (ಫ್ಲೈ) ಹಚ್ಚುವ, ಮೇಣದ ಚುಕ್ಕಿಯಂಥ 'ಜಂಗಲ್ ಕಾಕ್' ಗರಿ ಮೊದಲ ಸಲ ಕಂಡಾಗ ಬೆಚ್ಚಿದ್ದೆ. ನಮ್ಮ ಮಲೆನಾಡಿನ ಕಾಡುಕೋಳಿಯ ಕತ್ತು! ಅಲ್ಲಿ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅದನ್ನು ಬೇಟೆಯಾಡುವಂತಿಲ್ಲ. ಇಲ್ಲಿ ಸಾಕಿದ ಹಕ್ಕಿಯದು ಮಾರುತ್ತಾರೆ. ಕೊಳ್ಳಲು ನನಗಂತೂ ಮನಸ್ಸು ಬರಲಿಲ್ಲ.

ತಿಂಗಳಿಗೊಮ್ಮೆ ಚೀಲಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ಕೊಡವಿ ನೋಡುತ್ತೇನೆ. ಮೊನ್ನೆ ಒಂದರಲ್ಲಿ ಪುಡಿ ಕಂಡಿತು. ಅದೀಗ ಫ್ರೀಜರ್‌ನಲ್ಲಿದೆ, ಬಂಗುಡೆ ಪ್ಯಾಕೆಟ್ ಪಕ್ಕ. ಹೆಂಡತಿಗೆ ಇನ್ನೂ ಹೇಳಿಲ್ಲ.