ದಕ್ಷಿಣ ಮಹಾಸಾಗರದಲ್ಲಿ ಪಾಳಿಯ ಬದುಕು: ನನ್ನ ಅನುಭವ

ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಿಂದ ಆಸ್ಟ್ರೇಲಿಯಾದ ಫ್ರಿಮ್ಯಾಂಟಲ್‌ಗೆ ಸುಮಾರು 4,700 ನಾಟಿಕಲ್ ಮೈಲಿ, ಅಂದರೆ 8,700 ಕಿಲೋಮೀಟರಿನಷ್ಟು ದೂರ. ಪಂದ್ಯದ ಹಾಯಿದೋಣಿಗಳು ಈ ದಾರಿಯಲ್ಲಿ ನೇರ ಪೂರ್ವಕ್ಕೆ ಹೋಗದೆ, ಮೊದಲು ದಕ್ಷಿಣಕ್ಕೆ ಇಳಿದು 40 ಡಿಗ್ರಿ ಅಕ್ಷಾಂಶವನ್ನು ದಾಟುತ್ತವೆ. ಆ ಪಟ್ಟಿಯಲ್ಲಿ ಪಶ್ಚಿಮದ ಗಾಳಿಯನ್ನು ತಡೆಯುವಷ್ಟು ನೆಲವಿಲ್ಲ. ವಾಯುಭಾರ ಕುಸಿತಗಳು ಒಂದರ ಹಿಂದೆ ಒಂದು ಸಾಗಿ ಬರುತ್ತವೆ, ಗಾಳಿಯ ವೇಗ 40 ನಾಟ್, ಅಂದರೆ ಗಂಟೆಗೆ ಸುಮಾರು 74 ಕಿಲೋಮೀಟರ್ ಮೀರುವುದು ಅಲ್ಲಿ ಸಾಮಾನ್ಯ. ಹವ್ಯಾಸಿಗಳನ್ನೂ ಸೇರಿಸಿಕೊಳ್ಳುವ ಇಂಥದೊಂದು ಪಂದ್ಯದಲ್ಲಿ, 70 ಅಡಿ ಉದ್ದದ ದೋಣಿಯ ಸಿಬ್ಬಂದಿಯಾಗಿ ನಾನು ಈ ದಾರಿಯನ್ನು ಕ್ರಮಿಸಿದ್ದೇನೆ. ಕಲಬುರಗಿಯಲ್ಲಿ ಭೇಟಿಯಾದವರೆಲ್ಲ ಕೇಳುವುದು ಅಲೆಗಳ ಎತ್ತರವನ್ನು. ಎಂಟು, ಹತ್ತು ಮೀಟರಿನ ಅಲೆಗಳು ಬಂದದ್ದು ನಿಜ. ಆದರೆ ಅಂಥ ಕಡಲಿನಲ್ಲಿ ದೋಣಿಯ ವೇಗವನ್ನು ಕಾಯುವುದು ಸಿಬ್ಬಂದಿಯ ನಿದ್ದೆ, ಊಟ ಮತ್ತು ಒಣ ಬಟ್ಟೆ ಎಂಬುದನ್ನು ಯಾರೂ ಕೇಳುವುದಿಲ್ಲವಾದ್ದರಿಂದ ಇಲ್ಲಿ ಅದನ್ನೇ ಬರೆಯುತ್ತಿದ್ದೇನೆ.

ನಾನು ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ದುಡಿದವನು. ಹಾಗಾಗಿ ದೋಣಿಯ ಪಾಳಿ ಪದ್ಧತಿ ನನಗೆ ಬೇಗ ಒಗ್ಗಿತು. ಸಿಬ್ಬಂದಿಯಲ್ಲಿ ಎರಡು ತಂಡಗಳಿದ್ದವು. ಹಗಲಿನಲ್ಲಿ ಆರಾರು ಗಂಟೆಯ ಎರಡು ಪಾಳಿ, ರಾತ್ರಿಯಲ್ಲಿ ನಾಲ್ಕು ನಾಲ್ಕು ಗಂಟೆಯ ಮೂರು ಪಾಳಿ. ಒಟ್ಟು ಐದು ಬೆಸ ಸಂಖ್ಯೆಯಾದ್ದರಿಂದ ಇಂದು ನಡುರಾತ್ರಿಯ ಪಾಳಿ ಮಾಡಿದ ತಂಡಕ್ಕೆ ನಾಳೆ ಆ ಹೊತ್ತಿನಲ್ಲಿ ವಿಶ್ರಾಂತಿ ಸಿಗುತ್ತದೆ. ಕಷ್ಟದ ಹೊತ್ತು ಒಬ್ಬರ ಪಾಲಿಗೇ ಉಳಿಯುವುದಿಲ್ಲ. ಇದಕ್ಕಿಂತ ನ್ಯಾಯವಾದ ಏರ್ಪಾಡನ್ನು ನಾನು ಯಾವ ಕಾರ್ಖಾನೆಯಲ್ಲೂ ಕಂಡಿಲ್ಲ. ಮಲಗುವ ಬಂಕ್ ಕೂಡ ಇಬ್ಬರಿಗೆ ಒಂದೇ. ಒಬ್ಬ ಎದ್ದು ಹೋದ ಜಾಗದಲ್ಲಿ, ಇನ್ನೂ ಬೆಚ್ಚಗಿರುವಾಗಲೇ, ಇನ್ನೊಬ್ಬ ಮಲಗುತ್ತಾನೆ.

ಪಾಳಿ ಬದಲಾಗುವ ಅರ್ಧ ಗಂಟೆ ಮೊದಲೇ ನಮ್ಮನ್ನು ಎಬ್ಬಿಸುತ್ತಿದ್ದರು. ಆ ಹೊತ್ತು ಬಟ್ಟೆ ತೊಡುವುದಕ್ಕೇ ಬೇಕು. ಕತ್ತಲಲ್ಲಿ ಮಂದವಾದ ಕೆಂಪು ದೀಪವೊಂದೇ ಉರಿಯುತ್ತಿರುತ್ತದೆ, ಏಕೆಂದರೆ ಬಿಳಿ ಬೆಳಕು ಕಂಡ ಕಣ್ಣು ಮತ್ತೆ ಕತ್ತಲಿಗೆ ಹೊಂದಿಕೊಳ್ಳಲು ಬಹಳ ಹೊತ್ತು ತೆಗೆದುಕೊಳ್ಳುತ್ತದೆ. ಬೆನ್ನನ್ನು ಗೋಡೆಗೆ, ಮಂಡಿಯನ್ನು ಎದುರಿನ ಬಂಕಿಗೆ ಒತ್ತಿ ನೆಲದ ಮೇಲೆ ಕುಳಿತು, ಮೊದಲು ಉಣ್ಣೆಯ ಒಳಉಡುಪು, ಅದರ ಮೇಲೆ ದಪ್ಪ ಪದರ, ಆಮೇಲೆ ಎದೆಯವರೆಗೆ ಬರುವ ಜಲನಿರೋಧಕ ಪ್ಯಾಂಟು, ಬೂಟು, ಮೇಲಂಗಿ, ಕೊನೆಗೆ ಲೈಫ್ ಜಾಕೆಟ್, ಹೀಗೆ ಇದೇ ಕ್ರಮದಲ್ಲಿ ತೊಡಬೇಕು. ಕುತ್ತಿಗೆಯ ರಬ್ಬರ್ ಪಟ್ಟಿಯನ್ನು ಬಿಗಿಯುವ ಮೊದಲು ಒಳಗೆ ಒಣ ಟವೆಲ್ ಸುತ್ತಿಕೊಳ್ಳುವುದನ್ನು ನಾನು ರೂಢಿಸಿಕೊಂಡೆ; ಸೋರಿ ಬರುವ ನೀರನ್ನು ಅದು ಹೀರಿ ಎದೆಯನ್ನು ಒಣಗಿಡುತ್ತಿತ್ತು. ಉಪ್ಪುನೀರಿನಲ್ಲಿ ನೆಂದ ಬಟ್ಟೆ ಎಷ್ಟು ಹೊತ್ತು ತೂಗುಹಾಕಿದರೂ ಒಣಗುವುದಿಲ್ಲ. ಉಳಿದ ಉಪ್ಪು ಗಾಳಿಯ ತೇವವನ್ನು ಮತ್ತೆ ಮತ್ತೆ ಎಳೆದುಕೊಳ್ಳುತ್ತದೆ. ಆದ್ದರಿಂದ ಮಲಗುವಾಗ ತೊಡುವ ಒಂದು ಜೊತೆ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟು, ಅದನ್ನು ಡೆಕ್ಕಿಗೆ, ಅಂದರೆ ದೋಣಿಯ ಮೇಲಿನ ತೆರೆದ ಅಟ್ಟಕ್ಕೆ, ಎಂದೂ ಒಯ್ಯದಿರುವುದೇ ಸರಿಯಾದ ದಾರಿ.

ಮೆಟ್ಟಿಲು ಹತ್ತಿ ಹೊರಗೆ ಕಾಲಿಡುವ ಮೊದಲೇ ಲೈಫ್ ಜಾಕೆಟ್ಟಿನ ಪಟ್ಟಿಯ ಕೊಂಡಿಯನ್ನು ದೋಣಿಯ ಉಕ್ಕಿನ ಬಳೆಗೆ ಸಿಕ್ಕಿಸಬೇಕು. ನಿಯಮದ ಪ್ರಕಾರ ಆ ಪಟ್ಟಿ ಎರಡು ಮೀಟರಿಗಿಂತ ಉದ್ದವಿರುವಂತಿಲ್ಲ. ಒಂದು ಕೊಂಡಿಯನ್ನು ಬಿಚ್ಚುವ ಮೊದಲು ಇನ್ನೊಂದನ್ನು ಸಿಕ್ಕಿಸಿರಬೇಕು. ಈ ವಿಷಯದಲ್ಲಿ ನಮ್ಮ ಸ್ಕಿಪ್ಪರ್ (ದೋಣಿಯ ನಾಯಕ) ಯಾರಿಗೂ ರಿಯಾಯಿತಿ ಕೊಡುತ್ತಿರಲಿಲ್ಲ, ಅದು ಸರಿಯಾಗಿತ್ತು. ನೆರವು ಅಲ್ಲಿ ಬಹಳ ದೂರ. 2018ರ ಸೆಪ್ಟೆಂಬರಿನಲ್ಲಿ ಒಬ್ಬರೇ ಹಾಯಿದೋಣಿಯಲ್ಲಿ ಭೂಮಿ ಸುತ್ತುವ ಗೋಲ್ಡನ್ ಗ್ಲೋಬ್ ಸ್ಪರ್ಧೆಯಲ್ಲಿದ್ದ ನಮ್ಮ ನೌಕಾಪಡೆಯ ಅಭಿಲಾಷ್ ಟಾಮಿ ಅವರ ದೋಣಿ ಬಿರುಗಾಳಿಗೆ ಸಿಕ್ಕಿ, ಹಾಯಿ ಕಟ್ಟುವ ಪಟಸ್ತಂಭ ಮುರಿದು, ಬೆನ್ನಿಗೆ ತೀವ್ರ ಪೆಟ್ಟಾದದ್ದು ಇದೇ ದಕ್ಷಿಣ ಹಿಂದೂ ಮಹಾಸಾಗರದಲ್ಲಿ. ಫ್ರೆಂಚ್ ಗಸ್ತು ಹಡಗೊಂದು ಅವರನ್ನು ತಲುಪುವವರೆಗೆ ಅವರು ದಿನಗಟ್ಟಲೆ ಏಳಲಾರದೆ ಮಲಗಿದ್ದರು. ಅದೇ ಸ್ಪರ್ಧೆಗೆ ಮತ್ತೆ ಹೋಗಿ 2023ರಲ್ಲಿ ಎರಡನೆಯವರಾಗಿ ದಡ ಸೇರಿದ್ದು ನನ್ನ ಮಟ್ಟಿಗೆ ನಮ್ಮ ದೇಶದ ಕ್ರೀಡಾ ಇತಿಹಾಸದ ಬಹು ದೊಡ್ಡ ಸಾಧನೆ.

ಅಡುಗೆಯ ಸರದಿ ಎಲ್ಲರಿಗೂ ಬರುತ್ತದೆ, ಮತ್ತು ನನ್ನ ಅಭಿಪ್ರಾಯದಲ್ಲಿ ದೋಣಿಯಲ್ಲಿ ಅದೇ ಅತಿ ಕಠಿಣ ಕೆಲಸ. ಒಲೆಯನ್ನು ಎರಡು ಕಡೆ ತಿರುಗಣೆಯ ಮೇಲೆ ತೂಗುಬಿಟ್ಟಿರುತ್ತಾರೆ; ದೋಣಿ ಯಾವ ಕಡೆಗೆ ವಾಲಿದರೂ ಪಾತ್ರೆ ಸಮನಾಗಿಯೇ ನಿಲ್ಲುತ್ತದೆ. ಅಡುಗೆ ಮಾಡುವವನು ಮಾತ್ರ ವಾಲುತ್ತಿರುತ್ತಾನೆ, ಅದಕ್ಕಾಗಿ ಸೊಂಟಕ್ಕೆ ಒಂದು ಪಟ್ಟಿ ಬಿಗಿದುಕೊಳ್ಳಬೇಕು. ಒಳಗೆ ಎಷ್ಟೇ ಸೆಕೆಯಾದರೂ ಜಲನಿರೋಧಕ ಪ್ಯಾಂಟು ಮತ್ತು ಬೂಟು ತೊಟ್ಟೇ ಒಲೆಯ ಮುಂದೆ ನಿಲ್ಲಬೇಕು, ಏಕೆಂದರೆ ಕುದಿಯುವ ನೀರು ತೊಡೆಯ ಮೇಲೆ ಚೆಲ್ಲಿದರೆ ಅಲ್ಲಿ ಆಸ್ಪತ್ರೆಯಿಲ್ಲ. ಚಹಾ ಬಗ್ಗಿಸುವಾಗ ಲೋಟವನ್ನು ಕೈಯಲ್ಲಿ ಹಿಡಿಯುವಂತಿಲ್ಲ. ಪಾತ್ರೆ ತೊಳೆಯುವ ಸಿಂಕಿನೊಳಗಿಟ್ಟು ಅರ್ಧದಷ್ಟೇ ತುಂಬಿ, ಮುಚ್ಚಳ ಹಾಕಿ, ಆಮೇಲೆ ಮೇಲಕ್ಕೆ ಕೊಡಬೇಕು.

ಹೊರಡುವ ಮೊದಲು ಅವ್ವ, "ಅಲ್ಲಿ ಉಣ್ಣೋದು ಹ್ಯಾಂಗೋ ಯಪ್ಪಾ?" ಎಂದು ಕೇಳಿ, ಖಡಕ್ ಜೋಳದ ರೊಟ್ಟಿ ಮತ್ತು ಶೇಂಗಾ ಹಿಂಡಿಯನ್ನು ಗಾಳಿಯಾಡದ ಡಬ್ಬಿಗಳಲ್ಲಿ ತುಂಬಿ ಕೊಟ್ಟಿದ್ದಳು. ಪಂದ್ಯದ ದೋಣಿಯಲ್ಲಿ ಒಬ್ಬೊಬ್ಬರ ಸಾಮಾನಿಗೂ ತೂಕದ ಮಿತಿಯಿದೆ. ಆದರೂ ಆ ತೂಕ ವ್ಯರ್ಥವಾಗಲಿಲ್ಲ. ನೀರಿನಂಶವಿಲ್ಲದ ಖಡಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ, ಒಲೆ ಹಚ್ಚುವಂತಿಲ್ಲದ ಬಿರುಗಾಳಿಯಲ್ಲಿ ಹಾಗೆಯೇ ಮುರಿದು ತಿನ್ನಬಹುದು, ಮತ್ತು ಶೇಂಗಾದ ಎಣ್ಣೆಯಂಶ ಚಳಿಯಲ್ಲಿ ಮೈಗೆ ಬಲ ಕೊಡುತ್ತದೆ. ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಮಾತ್ರ ಕಡಲ ಗಾಳಿಗೆ ಬೇಗ ಮೆತ್ತಗಾಗುತ್ತದೆ. ಆಸ್ಟ್ರೇಲಿಯಾಕ್ಕೆ ಹೊರಗಿನಿಂದ ತರುವ ಆಹಾರದ ತಪಾಸಣೆ ಬಹಳ ಕಟ್ಟುನಿಟ್ಟಾದ್ದರಿಂದ ದಡ ಸೇರುವ ಮೊದಲೇ ಎಲ್ಲವನ್ನೂ ಹಂಚಿ ತಿಂದು ಮುಗಿಸಿದೆವು.

ನಿದ್ದೆಯ ವಿಷಯಕ್ಕೆ ಬರುತ್ತೇನೆ. ಬಂಕಿನ ಪಕ್ಕಕ್ಕೆ ಕ್ಯಾನ್ವಾಸ್ ಕಟ್ಟಿ, ದೋಣಿ ವಾಲಿದಷ್ಟೂ ಬಂಕನ್ನು ಹಗ್ಗದಿಂದ ಎತ್ತಿ ಸಮ ಮಾಡಿಕೊಳ್ಳಬಹುದು. ಅಲೆಯ ತುದಿಯಿಂದ ದೋಣಿ ಕೆಳಗಿಳಿಯುವಾಗ ಎರೆಹೊಲದ ದಾರಿಯಲ್ಲಿ ಖಾಲಿ ಟ್ರಾಲಿ ಜಿಗಿದಂತೆ ಮೈ ಎತ್ತಿ ಕುಕ್ಕುತ್ತದೆ. ತಲೆಯ ಮೇಲೆ ಹಾಯಿಯ ಹಗ್ಗ ಎಳೆಯುವ ವಿಂಚು ತಿರುಗಿದರೆ ಇಡೀ ದೋಣಿ ಮೊಳಗುತ್ತದೆ. ಮೊದಲ ಕೆಲವು ದಿನ ನಿದ್ದೆ ಬರುವುದಿಲ್ಲ. ಆಮೇಲೆ ಎಲ್ಲ ಸದ್ದಿನ ನಡುವೆಯೂ ಬರುತ್ತದೆ, ಸದ್ದು ಬದಲಾದರೆ ಮಾತ್ರ ಎಚ್ಚರವಾಗುತ್ತದೆ. ಸಮುದ್ರದ ವಾಂತಿಯೂ ಹೆಚ್ಚಿನವರಿಗೆ ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಆ ದಿನಗಳಲ್ಲಿ ಗುಟುಕು ಗುಟುಕಾಗಿ ನೀರು ಕುಡಿಯುತ್ತಲೇ ಇರಬೇಕು.

ಡೆಕ್ಕಿನ ಮೇಲೆ ಚುಕ್ಕಾಣಿಯನ್ನು ಅರ್ಧ, ಮುಕ್ಕಾಲು ಗಂಟೆಗೊಮ್ಮೆ ಬದಲಾಯಿಸುತ್ತಿದ್ದೆವು. ಗಾಳಿ ಬೆನ್ನ ಹಿಂದಿನಿಂದ ಬರುವಾಗ ದೋಣಿ ಅಲೆಯ ಮೇಲಿಂದ ಜಾರುತ್ತಾ ತನ್ನ ಸಹಜ ವೇಗವನ್ನು ಮೀರುತ್ತದೆ. ಆ ಕ್ಷಣದಲ್ಲಿ ಚುಕ್ಕಾಣಿ ಸ್ವಲ್ಪ ತಪ್ಪಿದರೂ ದೋಣಿ ಅಡ್ಡ ತಿರುಗಿ ಮಲಗಿಬಿಡುತ್ತದೆ. ದಣಿದ ಕೈ ಇದನ್ನು ತಡವಾಗಿ ಗ್ರಹಿಸುತ್ತದೆ. ಗಂಟೆಗೊಮ್ಮೆ ದಾಖಲೆ ಪುಸ್ತಕದಲ್ಲಿ ಸ್ಥಾನ, ದಿಕ್ಕು, ಗಾಳಿಯ ವೇಗ ಮತ್ತು ವಾಯುಭಾರ ಅಳೆಯುವ ಬ್ಯಾರೋಮೀಟರಿನ ಅಂಕಿಯನ್ನು ಬರೆಯುವುದು ಕಡ್ಡಾಯ. ಅಂಕಿ ಇಳಿಯುತ್ತಾ ವಾಯವ್ಯದ ಗಾಳಿ ಬಲಗೊಂಡರೆ ಶೀತಗಾಳಿಯ ಅಂಚು ಹತ್ತಿರ ಬರುತ್ತಿದೆ ಎಂದು ಅರ್ಥ. ಅದು ದಾಟಿದೊಡನೆ ಗಾಳಿ ನೈಋತ್ಯಕ್ಕೆ ತಿರುಗುತ್ತದೆ, ಆದರೆ ಹಳೆಯ ಅಲೆಗಳು ಹಳೆಯ ದಿಕ್ಕಿನಲ್ಲೇ ಬರುತ್ತಿರುತ್ತವೆ. ಎರಡು ದಿಕ್ಕಿನ ಅಲೆಗಳು ಒಂದರ ಮೇಲೊಂದು ಏರುವ ಆ ಕೆಲವು ಗಂಟೆಗಳೇ ಎಲ್ಲಕ್ಕಿಂತ ಅಪಾಯದವು. ಪುಸ್ತಕವನ್ನು ಸರಿಯಾಗಿ ಬರೆದ ತಂಡ ಮುಖ್ಯ ಹಾಯಿಯನ್ನು ಹಗಲು ಬೆಳಕಿನಲ್ಲೇ, ಊಟವಾದ ಮೇಲೆ, ಮೊದಲೇ ಕುಗ್ಗಿಸಿಕೊಳ್ಳುತ್ತದೆ.

ನಮ್ಮ ಭಾಗದ ಹುಡುಗ ಹುಡುಗಿಯರು ಇದನ್ನು ಮಾಡಬಹುದೇ ಎಂದು ಕೇಳಿದರೆ, ಖಂಡಿತ ಮಾಡಬಹುದು. ಕಡಲು ದೂರವಿದ್ದರೂ ಹೈದರಾಬಾದಿನ ಹುಸೇನ್ ಸಾಗರ ಒಂದು ರಾತ್ರಿಯ ರೈಲಿನಷ್ಟೂ ದೂರವಿಲ್ಲ. ನಾನು ಹಾಯಿ ಹಿಡಿಯಲು ಕಲಿತದ್ದು ಅಲ್ಲಿಯ ಚಿಕ್ಕ ದೋಣಿಗಳಲ್ಲಿ. ಅದಾದ ಮೇಲೆ ಮುಂಬೈ ಅಥವಾ ಗೋವಾಕ್ಕೆ ಹೋಗಿ ದೊಡ್ಡ ದೋಣಿಯಲ್ಲಿ ಕೆಲವು ರಾತ್ರಿ ಪಾಳಿಗಳನ್ನು ಮಾಡಿ, ಅಲೆಯಲ್ಲಿ ಹೊಟ್ಟೆ ಮತ್ತು ನಿದ್ದೆ ಹೇಗೆ ನಡೆದುಕೊಳ್ಳುತ್ತವೆ ಎಂಬುದನ್ನು ನೋಡಿಕೊಂಡ ನಂತರವೇ ಇಂಥ ಪಂದ್ಯಕ್ಕೆ ಹಣ ಕಟ್ಟಬೇಕು.